ಪರಿಶುದ್ಧತೆ ಅನ್ನೋದು ಸೋಮವಾರದ ವಿಷಯ

ಭಾಗ 1/10

ಫ್ರೆಂಡ್ಸ್, ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಒಟ್ಟು 10 ಪೋಸ್ಟ್. ಎಲ್ಲ ಒಟ್ಟಿಗೆ ಓದ್ಲೇಬೇಕು ಅಂತೇನಿಲ್ಲ. ಸೇವ್ ಮಾಡ್ಕೊಳ್ಳಿ, ಬಸ್ಸಲ್ಲಿ ಹೋಗ್ತಾ ಓದಿ. ನನ್ನ ಕ್ಲಾಸ್‌ಮೇಟ್ಸ್‌ನಲ್ಲಿ ಕ್ರೈಸ್ತರಲ್ಲದವರೂ ಇದನ್ನ ನೋಡ್ತೀರ ಅಂತ ಗೊತ್ತು. ನಿಮಗೂ ಸ್ವಾಗತ. ನಾವು ಭಾನುವಾರ ಏನು ಹೇಳ್ತೀವಿ, ಸೋಮವಾರ ಏನು ಮಾಡ್ತೀವಿ ಅನ್ನೋದು ನಮಗಿಂತ ಚೆನ್ನಾಗಿ ನಿಮಗೇ ಗೊತ್ತು!

"ಪರಿಶುದ್ಧ ಜೀವನ" ಅಂದ ತಕ್ಷಣ ತಲೆಗೆ ಏನು ಬರುತ್ತೆ? ಯೂತ್ ಮೀಟಿಂಗ್‌ನಲ್ಲಿ ಬೆಳೆದವರಿಗೆ ಬರೋದು ಒಂದು ಪಟ್ಟಿ. ಕುಡೀಬಾರ್ದು. ಸಿಗರೇಟ್ ಸೇದಬಾರ್ದು. ಸಿನಿಮಾ ಹಾಡು ಬೇಡ. ಟ್ಯಾಟೂ ಬೇಡ. ಇಂಥವರ ಜೊತೆ ಸುತ್ತಬೇಡ. ಕೆಲವು ಸಭೆಗಳಲ್ಲಿ ಒಡವೆ ಹಾಕಬಾರದು, ಹೂ ಮುಡಿಯಬಾರದು ಅನ್ನೋದೂ ಸೇರುತ್ತೆ.

ಈ ಪಟ್ಟಿಯಲ್ಲಿ ಒಳ್ಳೇದು ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಬೀದಿಯಲ್ಲೂ ಇವೆ, ನಿಮ್ಮ ಬೀದಿಯಲ್ಲೂ ಇವೆ. ನನ್ನ ತಕರಾರು ಬೇರೆ. ಪಟ್ಟಿಯನ್ನ ಇನ್ನೊಂದ್ಸಲ ಓದಿ. ನಾವು ಯಾರ ಜೊತೆ ಹೇಗೆ ನಡ್ಕೊಳ್ತೀವಿ ಅನ್ನೋ ಪ್ರಶ್ನೆ ಅದರಲ್ಲಿ ಎಲ್ಲಿದೆ? ಇಷ್ಟನ್ನೂ ಚಾಚೂ ತಪ್ಪದೆ ಪಾಲಿಸೋ ಒಬ್ಬ ಮನುಷ್ಯ ಮನೆಕೆಲಸದ ಅಕ್ಕನ ಸಂಬಳವನ್ನ ಎರಡು ತಿಂಗಳು ತಡೆಹಿಡಿಯಬಹುದು. ಕಸಿನ್ ಬಗ್ಗೆ ಇಲ್ಲದ್ದನ್ನ ಹಬ್ಬಿಸಬಹುದು. ಆದ್ರೂ ಪಟ್ಟಿಯ ಪ್ರಕಾರ ಅವನು ಪರಿಶುದ್ಧನೇ!

ಹಾಗಾಗಿ ಪಟ್ಟಿಯಲ್ಲೇ ಏನೋ ಕೊರತೆ ಇದೆ ಅಂತ ನನ್ನ ಅಭಿಪ್ರಾಯ. ಮುಂದಿನ ಪೋಸ್ಟ್‌ನಲ್ಲಿ ಸತ್ಯವೇದದ ಒಂದು ಅಧ್ಯಾಯ ತೆಗೆಯೋಣ.

ಭಾಗ 2/10

ಯಾಜಕಕಾಂಡ 19. ವರ್ಷದ ಬೈಬಲ್ ರೀಡಿಂಗ್ ಪ್ಲಾನ್ ಜನವರಿಯಲ್ಲಿ ಜೋರಾಗಿ ಶುರು ಮಾಡಿ ಫೆಬ್ರವರಿಯಲ್ಲಿ ಕೈಬಿಡೋದು ಸಾಮಾನ್ಯವಾಗಿ ಇದೇ ಪುಸ್ತಕದಲ್ಲಿ, ಅಲ್ವಾ? ಆದ್ರೆ ದೇವರು ಪರಿಶುದ್ಧರಾಗಿರೋದ್ರಿಂದ ಅವರ ಜನರೂ ಪರಿಶುದ್ಧರಾಗಿರಬೇಕು ಅನ್ನೋ ಆಜ್ಞೆ ಈ ಅಧ್ಯಾಯದ ಎರಡನೇ ವಚನದಲ್ಲೇ ಇದೆ. ಪೇತ್ರನ ಮೊದಲನೇ ಪತ್ರ ಇದನ್ನೇ ಎತ್ತಿಕೊಂಡು ಹೊಸ ಒಡಂಬಡಿಕೆಯ ಸಭೆಗೆ ಹೇಳುತ್ತೆ.

ಸರಿ, ಪರಿಶುದ್ಧರಾಗಿರಿ ಅಂತ ಹೇಳಿದ ಮೇಲೆ ದೇವರು ಏನೇನು ಹೇಳ್ತಾರೆ ನೋಡಿ. ತಾಯಿತಂದೆಗೆ ಗೌರವ ಕೊಡಬೇಕು. ಹೊಲ ಕೊಯ್ಯುವಾಗ ಅಂಚಿನವರೆಗೂ ಬಳಿದು ಕೊಯ್ಯಬಾರದು, ಬಿದ್ದ ತೆನೆ ಬಡವರಿಗೆ, ಪರದೇಶಿಗಳಿಗೆ ಬಿಡಬೇಕು. ಕಳ್ಳತನ, ಸುಳ್ಳು, ಮೋಸ ಬೇಡ. ಕೂಲಿಯವನ ಕೂಲಿಯನ್ನ ಬೆಳಗಿನ ತನಕ ಇಟ್ಕೊಳ್ಳಬಾರದು. ಕಿವುಡರನ್ನ ಬೈಯಬಾರದು, ಕುರುಡರ ದಾರಿಗೆ ಎಡವುಗಲ್ಲು ಇಡಬಾರದು. ನ್ಯಾಯ ಹೇಳುವಾಗ ಬಡವ ಅಂತಲೂ ದೊಡ್ಡವನು ಅಂತಲೂ ಪಕ್ಷಪಾತ ಮಾಡಬಾರದು. ಚಾಡಿ ಹೇಳ್ಕೊಂಡು ತಿರುಗಬಾರದು. ತಲೆ ನರೆತವರು ಬಂದಾಗ ಎದ್ದು ನಿಲ್ಲಬೇಕು. ತಕ್ಕಡಿ, ತೂಕದ ಕಲ್ಲು, ಅಳತೆಯ ಪಾತ್ರೆ ಎಲ್ಲ ಸರಿಯಾಗಿರಬೇಕು.

ಇದೇ ಅಧ್ಯಾಯದಲ್ಲಿ ಅರ್ಪಣೆ ಬಗ್ಗೆ, ಕೂದಲು, ಬಟ್ಟೆ ಬಗ್ಗೆಯೂ ನಿಯಮಗಳಿವೆ, ಅದನ್ನ ಮುಚ್ಚಿಡಲ್ಲ. ಆದ್ರೆ ಯೇಸು ಸ್ವಾಮಿ ಅತಿ ದೊಡ್ಡ ಆಜ್ಞೆ ಯಾವುದು ಅನ್ನೋ ಪ್ರಶ್ನೆಗೆ ಉತ್ತರ ಕೊಡುವಾಗ, ಎರಡನೇದಾಗಿ ಆರಿಸಿಕೊಂಡಿದ್ದು ಇದೇ ಅಧ್ಯಾಯದ 18ನೇ ವಚನವನ್ನ: ನೆರೆಯವರನ್ನ ನಮ್ಮಂತೆಯೇ ಪ್ರೀತಿಸೋದು.

ಹೊಲ, ಕೂಲಿ, ತಕ್ಕಡಿ, ನಾಲಿಗೆ. ದೇವರು ಪರಿಶುದ್ಧತೆಯನ್ನ ಹುಡುಕ್ತಾ ಇರೋದು ನಮ್ಮ ಸೋಮವಾರದಲ್ಲಿ.

ಭಾಗ 3/10

ಈಗ ಇನ್ನೊಂದು ಪದ: ವಿಧೇಯತೆ. ಪ್ರಸಂಗದಲ್ಲಿ ಮಾತ್ರ ಕೇಳೋ ಪದ ಇದು. ಕ್ಯಾಂಟೀನಲ್ಲಿ ಯಾರೂ ಬಳಸಲ್ಲ. ಆದ್ರೆ ಇದಕ್ಕೆ ಅಮ್ಮಂದಿರ ಬಾಯಲ್ಲಿ ದಿನಾ ಬರೋ ಕನ್ನಡ ಇದೆ: "ಮಾತು ಕೇಳೋದು."

"ನನ್ ಮಗ ಮಾತೇ ಕೇಳಲ್ಲ" ಅಂತ ಅಮ್ಮ ಹೇಳಿದ್ರೆ ಮಗನ ಕಿವಿಯಲ್ಲಿ ತೊಂದರೆ ಇದೆ ಅಂತ ಯಾರೂ ಅಂದ್ಕೊಳ್ಳಲ್ಲ. ಕೇಳಿಸಿದೆ, ಆದ್ರೆ ಮಾಡಿಲ್ಲ, ಅದಕ್ಕೇ ಕೇಳಿಲ್ಲ ಅಂತ ಲೆಕ್ಕ. ಹೀಬ್ರೂ ಭಾಷೆಯಲ್ಲೂ ಹೀಗೇ. "ಶಮಾ" ಅನ್ನೋ ಒಂದೇ ಕ್ರಿಯಾಪದಕ್ಕೆ ಕೇಳು ಅಂತಲೂ ಅರ್ಥ, ಕೇಳಿದಂತೆ ನಡೆ ಅಂತಲೂ ಅರ್ಥ. ಇಸ್ರಾಯೇಲರು ದಿನಾ ಹೇಳೋ ನಂಬಿಕೆಯ ಮಾತು ಶುರುವಾಗೋದೇ ಆ ಪದದಿಂದ.

ಈ ಲೆಕ್ಕದಲ್ಲಿ ನಮ್ಮನ್ನ ಅಳೆದು ನೋಡಿ. ವಾರಕ್ಕೆ ಎಷ್ಟು ಪ್ರಸಂಗ ಕೇಳ್ತೀವಿ? ಭಾನುವಾರ ಆರಾಧನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ಯೂಟ್ಯೂಬಲ್ಲಿ ಎರಡು, ರೀಲ್ಸಲ್ಲಿ ಲೆಕ್ಕವಿಲ್ಲದಷ್ಟು. ಕಿವಿಗೆ ಬಿದ್ದಿದ್ದು ಬೆಟ್ಟದಷ್ಟು. ಅಮ್ಮನ ಕನ್ನಡದಲ್ಲಿ "ಕೇಳಿದ್ದು" ಎಷ್ಟು?

ಯೇಸು ಸ್ವಾಮಿ ಇಬ್ಬರು ಮಕ್ಕಳ ಕಥೆ ಹೇಳ್ತಾರೆ, ಮತ್ತಾಯ 21ರಲ್ಲಿ. ದ್ರಾಕ್ಷಿ ತೋಟಕ್ಕೆ ಹೋಗಿ ಕೆಲಸ ಮಾಡು ಅಂತ ಅಪ್ಪ ಹೇಳಿದಾಗ ಒಬ್ಬ ಹೋಗಲ್ಲ ಅಂದ, ಆಮೇಲೆ ಮನಸ್ಸು ಬದಲಾಯಿಸಿ ಹೋದ. ಇನ್ನೊಬ್ಬ ಮರ್ಯಾದೆಯಾಗಿ ಹೋಗ್ತೀನಿ ಅಂದ, ಹೋಗಲೇ ಇಲ್ಲ. ಅಪ್ಪನ ಮಾತು ಕೇಳಿದವನು ಯಾರು ಅಂತ ಯೇಸು ಕೇಳಿದಾಗ ಎದುರಿಗಿದ್ದ ಧಾರ್ಮಿಕ ಮುಖಂಡರೂ ಮೊದಲನೆಯವನೇ ಅಂತ ಒಪ್ಪಿಕೊಳ್ಳಬೇಕಾಯ್ತು.

ಕಾಮೆಂಟಲ್ಲಿ "ಆಮೆನ್" ಟೈಪ್ ಮಾಡೋದು ಎರಡನೇ ಮಗನ ಉತ್ತರ ಆಗ್ಬಹುದು. ಆಗ್ಲೇಬೇಕು ಅಂತಿಲ್ಲ. ಸೋಮವಾರ ಗೊತ್ತಾಗುತ್ತೆ.

ಭಾಗ 4/10

ಈ ಪೋಸ್ಟ್ ಸ್ವಲ್ಪ ಖಾರ.

ನಮ್ಮ ನಾಡಿನಲ್ಲಿ ಶುದ್ಧ ಅನ್ನೋ ಪದದ ಪಕ್ಕದಲ್ಲೇ "ಮಡಿ" ಅನ್ನೋ ಪದ ಕೂತಿದೆ. ಮಡಿಯಲ್ಲಿ ಇರೋರು ಬೇರೆಯವರನ್ನ ಮುಟ್ಟಲ್ಲ. ಮುಟ್ಟಿದ್ರೆ ಮೈಲಿಗೆ. ಅದು ಬೇರೆಯವರ ಮನೆಯ ಆಚಾರ, ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಾವು ಅಂದ್ಕೊಂಡಿದ್ದೀವಿ. ನಿಜವಾಗ್ಲೂ ಇಲ್ವಾ?

"ಆ ಹುಡುಗಿ ಜೊತೆ ಸೇರ್ಬೇಡ, ಅವಳ ಸಾಕ್ಷಿ ಸರಿಯಿಲ್ಲ." "ಅವನು ಜಾರಿಹೋಗಿದ್ದಾನೆ, ಅವನ ಮನೆಗೆ ಹೋಗ್ಬೇಡ." ಇದು ಕ್ರೈಸ್ತ ಮಡಿ. ಇದಕ್ಕಿಂತ ಕೆಟ್ಟದ್ದೂ ಇದೆ. ಒಂದೇ ಪಾತ್ರೆಯಿಂದ ಕರ್ತನ ಭೋಜನ ತಗೊಂಡು ಬಂದು, ಮಗಳ ಮದುವೆ ವಿಷಯ ಬಂದಾಗ "ಅವರು ಮೊದಲು ಯಾವ ಜನ?" ಅಂತ ಮೆಲ್ಲಗೆ ವಿಚಾರಿಸೋದು. ದೀಕ್ಷಾಸ್ನಾನದ ನೀರಲ್ಲಿ ಎಲ್ಲ ಹೋಯ್ತು ಅಂತ ಹಾಡ್ತೀವಿ, ಜಾತಿ ಮಾತ್ರ ವಾಟರ್‌ಪ್ರೂಫ್!

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ಒಬ್ಬ ಕುಷ್ಠರೋಗಿ ಬರ್ತಾನೆ. ಅವನನ್ನ ಮುಟ್ಟಿದವರು ಅಶುದ್ಧರಾಗ್ತಾರೆ ಅನ್ನೋದು ಆ ಕಾಲದ ಎಲ್ಲರಿಗೂ ಗೊತ್ತಿದ್ದ ವಿಷಯ. ಯೇಸು ಸ್ವಾಮಿ ದೂರದಿಂದಲೇ ಒಂದು ಮಾತು ಹೇಳಿ ಗುಣ ಮಾಡಬಹುದಿತ್ತು. ಬೇರೆ ಕಡೆ ಹಾಗೆ ಮಾಡಿದ್ದೂ ಇದೆ. ಇಲ್ಲಿ ಕೈ ಚಾಚಿ ಮುಟ್ಟಿದರು. ರೋಗಿಯ ಅಶುದ್ಧತೆ ಯೇಸುವಿಗೆ ಹತ್ತಲಿಲ್ಲ. ಯೇಸುವಿನ ಶುದ್ಧತೆಯೇ ರೋಗಿಗೆ ಹತ್ತಿತು.

ಇದನ್ನ ನಂಬಿದ್ರೆ ನಮ್ಮ ಪರಿಶುದ್ಧತೆಗೆ ಬೇರೆಯವರನ್ನ ಕಂಡು ಹೆದರೋ ಅಗತ್ಯ ಇಲ್ಲ. ಕೆಟ್ಟದ್ದರಿಂದ ದೂರ ಇರೋಣ, ಸರಿ. ಕೆಟ್ಟ ಹೆಸರು ಬಂದ ಮನುಷ್ಯರಿಂದ ಯಾಕೆ ಓಡಬೇಕು? ಸಭೆ ಬಿಟ್ಟು ಹೋದ ಆ ಹುಡುಗನಿಗೆ ಇವತ್ತು ಒಂದು ಫೋನ್ ಮಾಡಿ. ಬೋಧನೆ ಬೇಡ, ಊಟ ಆಯ್ತಾ ಕೇಳಿ ಸಾಕು.

ಭಾಗ 5/10

ಈಗ ಕಾಲೇಜಿಗೆ ಬರೋಣ. ಯಾಜಕಕಾಂಡದ ತಕ್ಕಡಿ ನಮ್ಮ ಹತ್ರ ಇಲ್ಲ. ಆದ್ರೆ ಅಟೆಂಡೆನ್ಸ್ ಶೀಟ್ ಇದೆ.

ಪ್ರಾಕ್ಸಿ ಹಾಕೋದು. ಸೀನಿಯರ್‌ನ ಲ್ಯಾಬ್ ರೆಕಾರ್ಡನ್ನ ರೀಡಿಂಗ್ ಸಮೇತ ಇಳಿಸಿಕೊಳ್ಳೋದು. ಎಐ ಬರೆದ ಅಸೈನ್‌ಮೆಂಟಿನ ಮೇಲೆ ನಮ್ಮ ಹೆಸರು ಹಾಕೋದು. ಇಂಟರ್ನಲ್ಸಲ್ಲಿ ಚೀಟಿ. "ಎಲ್ಲರೂ ಮಾಡ್ತಾರೆ ಮಚ್ಚಾ" ಅಂತ ನೀವು ಹೇಳೋದು ನನಗೆ ಇಲ್ಲಿಗೇ ಕೇಳಿಸ್ತಿದೆ. ಹೌದು, ಹೆಚ್ಚಿನವರು ಮಾಡ್ತಾರೆ. ಹಳೇ ಕಾಲದ ಸಂತೆಯಲ್ಲೂ ತೂಕದಲ್ಲಿ ಮೋಸ ಮಾಡ್ತಿದ್ದವರು ಇದನ್ನೇ ಹೇಳಿರ್ತಾರೆ. ಅದಕ್ಕೇ ದೇವರು ತಕ್ಕಡಿ ವಿಷಯವನ್ನ ಎಲ್ಲರ ಅಭ್ಯಾಸಕ್ಕೆ ಬಿಡದೆ ತಾನೇ ಹೇಳಿದ್ದು.

ಮಾರ್ಕ್ಸ್ ಕೂಡ ಒಂದು ಅಳತೆ. ರಾತ್ರಿ ಪಾರ್ಟ್‌ಟೈಮ್ ಕೆಲಸ ಮಾಡಿ, ಬೆಳಿಗ್ಗೆ ನಿದ್ದೆಗಣ್ಣಲ್ಲಿ ತಾನೇ ಓದಿ 14 ತಗೊಂಡ ಹುಡುಗಿಯ ಮುಂದೆ ನಮ್ಮ ಚೀಟಿಯ 19 ನಿಂತಾಗ, ತೂಕದ ಕಲ್ಲು ಬದಲಾಯಿಸಿದ್ದು ನಾವು. ನಷ್ಟ ಆಗಿದ್ದು ಅವಳಿಗೆ. ಪರೀಕ್ಷೆಗೆ ಮುಂಚೆ ಪ್ರಾರ್ಥನೆ ಮಾಡಿದ್ದೀವಿ ಅನ್ನೋದ್ರಿಂದ ಆ ನಷ್ಟ ಏನೂ ಕಮ್ಮಿ ಆಗಲ್ಲ.

ಕೂಲಿ ವಿಷಯವೂ ಅಷ್ಟೇ. ನಾವು ಯಾರಿಗೂ ಸಂಬಳ ಕೊಡಲ್ಲ ಅಂದ್ಕೋಬೇಡಿ. ಜೆರಾಕ್ಸ್ ಅಂಗಡಿ ಅಣ್ಣನ ಹತ್ರ ಬರೆಸಿಟ್ಟ 60 ರೂಪಾಯಿ, ಟೀ ಅಂಗಡಿಯ ಬಾಕಿ, ಟ್ರಿಪ್‌ಗೆ ಹೋದಾಗ ಫ್ರೆಂಡ್ ಹಾಕಿದ ದುಡ್ಡು, ಮೆಸ್ ಆಂಟಿಗೆ "ನಾಳೆ ಕೊಡ್ತೀನಿ" ಅಂದಿದ್ದು. ಬೆಳಗಾಗೋ ತನಕ ಇಟ್ಕೋಬಾರ್ದು ಅನ್ನೋದು ಅಲ್ಲಿನ ಲೆಕ್ಕ. ನಮ್ಮದು ಸೆಮಿಸ್ಟರ್ ಮುಗಿಯೋ ತನಕ!

ಸ್ಟೋರಿಯಲ್ಲಿ ವಚನ ಹಾಕೋಕೆ ಮುಂಚೆ ಬಾಕಿ ಕ್ಲಿಯರ್ ಮಾಡೋಣ.

ಭಾಗ 6/10

ಚಾಡಿ ಹೇಳ್ಕೊಂಡು ತಿರುಗಬಾರದು ಅನ್ನೋದು 16ನೇ ವಚನ. ಈಗ ತಿರುಗೋ ಅಗತ್ಯವೂ ಇಲ್ಲ, ಕೂತಲ್ಲೇ ಫಾರ್ವರ್ಡ್ ಮಾಡಬಹುದು.

ನಮ್ಮ ಸಭೆಗಳಲ್ಲಿ ಇದಕ್ಕೊಂದು ಭಕ್ತಿಯ ರೂಪ ಇದೆ, ನೀವೂ ಕೇಳಿರ್ತೀರ. "ಇಂಥ ಸಿಸ್ಟರ್‌ಗೋಸ್ಕರ ಪ್ರಾರ್ಥನೆ ಮಾಡಿ. ಏನಾಯ್ತು ಅಂತ ಹೇಳ್ಬಾರ್ದು, ಆದ್ರೂ ಪ್ರಾರ್ಥನೆಗೆ ಅಂತ ಹೇಳ್ತಿದ್ದೀನಿ..." ಅಲ್ಲಿಂದ ಇಪ್ಪತ್ತು ನಿಮಿಷ ವಿವರ, ಎರಡು ನಿಮಿಷ ಪ್ರಾರ್ಥನೆ. ಆ ಸಿಸ್ಟರ್ ಮುಂದಿನ ಭಾನುವಾರ ಗೇಟಲ್ಲಿ ಕಾಲಿಟ್ಟ ಕೂಡಲೇ ಎಲ್ಲರ ಕಣ್ಣು ತನ್ನ ಮೇಲೆ ಯಾಕೆ ಅಂತ ಅವಳಿಗೆ ಅರ್ಥ ಆಗಲ್ಲ. ಅರ್ಥ ಆದ ದಿನ ಬರೋದು ನಿಲ್ಲಿಸ್ತಾಳೆ. ಆಗ ನಾವು ಇನ್ನೊಂದು ಪ್ರಾರ್ಥನಾ ವಿಷಯ ಸೇರಿಸ್ತೀವಿ: ಅವಳು ವಿಶ್ವಾಸದಿಂದ ಜಾರಿದ್ದಾಳೆ!

ಕಾಲೇಜ್ ಗ್ರೂಪುಗಳಲ್ಲಿ ಸ್ಕ್ರೀನ್‌ಶಾಟ್. ಯಾರೋ ನಂಬಿ ಹೇಳಿದ ಚಾಟ್, ಅಳ್ತಾ ಕಳಿಸಿದ ವಾಯ್ಸ್ ನೋಟ್. ನಾವು ಕಳಿಸಿಲ್ಲ, ಬರೀ ನೋಡಿ ನಕ್ಕಿದ್ದು ಅಂದ್ರೂ ಸಾಲದು. ಯಾಕಂದ್ರೆ ಅದೇ 16ನೇ ವಚನದ ಮುಂದಿನ ಭಾಗ, ನೆರೆಯವರ ಪ್ರಾಣಕ್ಕೆ ಅಪಾಯ ಬಂದಾಗ ಸುಮ್ಮನೆ ನಿಲ್ಲಬಾರದು ಅನ್ನೋ ಅರ್ಥದಲ್ಲಿದೆ. ಚಾಡಿಯೂ ಪ್ರಾಣಾಪಾಯವೂ ಒಂದೇ ವಚನದಲ್ಲಿ ಪಕ್ಕಪಕ್ಕ ಇರೋದು ಸುಮ್ಮನೆ ಅಲ್ಲ ಅಂತ ನನಗನ್ಸುತ್ತೆ. ಹರಡಿದ ಒಂದು ಫೋಟೋದಿಂದ ಊಟ ಬಿಟ್ಟು, ಕಾಲೇಜು ಬಿಟ್ಟು, ಬದುಕೇ ಬೇಡ ಅನ್ನೋ ತನಕ ಹೋದ ಹುಡುಗ ಹುಡುಗಿಯರ ಸುದ್ದಿ ನಾವು ಓದಿಲ್ವಾ?

"ಇದನ್ನ ಡಿಲೀಟ್ ಮಾಡು, ಅವಳಿಗೆ ಗೊತ್ತಾದ್ರೆ ಏನಾಗುತ್ತೆ ಯೋಚಿಸು" ಅಂತ ಗ್ರೂಪಲ್ಲಿ ಒಂದು ಲೈನ್ ಟೈಪ್ ಮಾಡೋಕೆ ಉಪವಾಸಕ್ಕಿಂತ ಜಾಸ್ತಿ ಧೈರ್ಯ ಬೇಕು. ಅದೂ ಆರಾಧನೆಯೇ.

ಭಾಗ 7/10

ಕಣ್ಣು ಮತ್ತು ಫೋನಿನ ವಿಷಯ. ಇದನ್ನ ಬಿಟ್ಟು ಪರಿಶುದ್ಧತೆ ಬಗ್ಗೆ ಬರೆದ್ರೆ ನೀವೇ ಕೇಳ್ತೀರ, ಯಾಕೆ ತಪ್ಪಿಸ್ಕೊಂಡೆ ಅಂತ.

ಯೂತ್ ರಿಟ್ರೀಟ್‌ನಲ್ಲಿ "ಶುದ್ಧತೆ" ಅನ್ನೋ ಸೆಷನ್ ಬಂತು ಅಂದ್ರೆ ಬಹಳ ಸಲ ಅದು ಹುಡುಗಿಯರ ಬಟ್ಟೆ ಬಗ್ಗೆನೇ ಮುಗಿಯುತ್ತೆ. ದುಪಟ್ಟಾ ಎಲ್ಲಿರಬೇಕು, ಫೋಟೋ ಹೇಗೆ ಹಾಕಬೇಕು, ನಿನ್ನಿಂದ ಸಹೋದರರು ಎಡವಬಾರದು. ಹುಡುಗರು ಹಿಂದಿನ ಸಾಲಲ್ಲಿ ಆರಾಮಾಗಿ ಕೂತಿರ್ತಾರೆ.

ಬೆಟ್ಟದ ಪ್ರಸಂಗದಲ್ಲಿ ಯೇಸು ಸ್ವಾಮಿ ಇದನ್ನ ಉಲ್ಟಾ ಮಾಡ್ತಾರೆ. ಮತ್ತಾಯ 5ರಲ್ಲಿ ಅವರು ಹೆಣ್ಣಿನ ಉಡುಪಿನ ಬಗ್ಗೆ ಒಂದು ಮಾತೂ ಆಡಲ್ಲ. ಕೆಟ್ಟ ಆಸೆಯಿಂದ ನೋಡೋ ಗಂಡಸಿಗೆ ನೇರವಾಗಿ ಹೇಳ್ತಾರೆ, ಪಾಪ ಆಗಲೇ ನಿನ್ನ ಹೃದಯದಲ್ಲಿ ನಡೆದಿದೆ ಅಂತ. ಕಣ್ಣು ಯಾರದೋ ಜವಾಬ್ದಾರಿಯೂ ಅವರದೇ.

ಹುಡುಗರೇ, ರಾತ್ರಿ ಒಂದು ಗಂಟೆಗೆ ಬಾಗಿಲು ಹಾಕ್ಕೊಂಡು ನೋಡೋ ವಿಡಿಯೋದಲ್ಲಿ ಇರೋದೂ ಒಬ್ಬ ಮನುಷ್ಯಳೇ. ಅವಳನ್ನ ಯಾರಾದ್ರೂ ಬಲವಂತ ಮಾಡಿದ್ರಾ, ಅವಳಿಗೆ ವಯಸ್ಸೆಷ್ಟು, ಅದನ್ನ ಹಾಕಿದ್ದು ಅವಳಿಗೆ ಗೊತ್ತಾ ಅನ್ನೋದು ಸ್ಕ್ರೀನ್ ನೋಡಿದ್ರೆ ತಿಳಿಯಲ್ಲ. ಆದ್ದರಿಂದ ಇದು ಬರೀ "ನನ್ನ ಪರ್ಸನಲ್ ಹೋರಾಟ" ಅಲ್ಲ. ಇಲ್ಲೂ ನೆರೆಯವಳು ಇದ್ದಾಳೆ. ಇದೇ ತೊಂದರೆ ಇರೋ ಹುಡುಗಿಯರೂ ಇದ್ದಾರೆ, ನಾಚಿಕೆಯಿಂದ ಯಾರಿಗೂ ಹೇಳ್ಕೊಳ್ಳಲ್ಲ.

ಕೆಲಸಕ್ಕೆ ಬರೋ ಸಲಹೆ ಅಂದ್ರೆ ಎರಡೇ. ಒಂದು, ಫೋನನ್ನ ರಾತ್ರಿ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗಿ. ಎರಡು, ನಂಬೋ ಒಬ್ಬರ ಹತ್ರ ಬಾಯಿಬಿಟ್ಟು ಹೇಳಿ. ಯಾಕೋಬನ ಪತ್ರದ ಕೊನೇ ಅಧ್ಯಾಯ ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿ ಪ್ರಾರ್ಥಿಸಿ ಅಂತ ಹೇಳೋದು ಇದಕ್ಕೇ. ಕತ್ತಲಲ್ಲಿ ಒಬ್ಬರೇ ಹೋರಾಡಿ ಗೆಲ್ಲೋದು ಬಹಳ ಕಷ್ಟ.

ಭಾಗ 8/10

ಯಾರ ಮಾತು ಕೇಳಬೇಕು? ಇದು ಮುಖ್ಯ, ನಿಧಾನವಾಗಿ ಓದಿ.

ದೇವರಿಗೆ ವಿಧೇಯರಾಗೋದು ಅಂದ್ರೆ ಮೈಕ್ ಹಿಡಿದವರಿಗೆಲ್ಲ ವಿಧೇಯರಾಗೋದು ಅಂತಲ್ಲ. ವಿಮೋಚನಕಾಂಡದ ಮೊದಲನೇ ಅಧ್ಯಾಯದಲ್ಲಿ ಫರೋಹ, ಇಬ್ರಿಯರಿಗೆ ಹುಟ್ಟೋ ಗಂಡುಮಕ್ಕಳನ್ನ ಕೊಲ್ಲಿ ಅಂತ ಇಬ್ಬರು ಸೂಲಗಿತ್ತಿಯರಿಗೆ ಅಪ್ಪಣೆ ಮಾಡ್ತಾನೆ. ಅವರು ದೇವರಿಗೆ ಹೆದರಿ ಅರಸನ ಮಾತು ಮೀರಿದರು. ದೇವರು ಅವರಿಗೆ ಒಳ್ಳೇದು ಮಾಡಿದರು ಅಂತ ಅಲ್ಲೇ ಬರೆದಿದೆ. ಅಪೊಸ್ತಲರ ಕೃತ್ಯಗಳು 5ರಲ್ಲಿ ಪೇತ್ರ ಮತ್ತು ಉಳಿದವರು ಹಿರೀಸಭೆಯ ಮುಂದೆ ನಿಂತು, ಮನುಷ್ಯರಿಗಿಂತ ದೇವರ ಮಾತೇ ಮೊದಲು ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾರೆ.

ಅಪ್ಪ ಅಮ್ಮನಿಗೆ ಗೌರವ ಕೊಡಿ. ಅವರ ಹತ್ರ ಸುಳ್ಳು ಹೇಳ್ಬೇಡಿ, ಸೊಪ್ಪು ಹಾಕಲ್ಲ ಅನ್ನೋ ಹಾಗೆ ಮುಖ ತಿರುಗಿಸಬೇಡಿ. ಪಾಸ್ಟರ್ ಅಂಕಲ್‌ಗೆ, ಅಯ್ಯನವರಿಗೆ ಮರ್ಯಾದೆ ಕೊಡಿ. ನಿಮಗೋಸ್ಕರ ಮೊಣಕಾಲೂರಿ ಪ್ರಾರ್ಥಿಸೋ ಎಷ್ಟೋ ಸೇವಕರು ಇದ್ದಾರೆ. ಆದ್ರೆ ಯಾರೇ ಆಗ್ಲಿ, "ದೇವರು ನನಗೆ ತೋರಿಸಿದ್ದಾರೆ, ನೀನು ಇದನ್ನ ಮಾಡ್ಬೇಕು, ಮನೆಯಲ್ಲಿ ಹೇಳ್ಬೇಡ" ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಗುಟ್ಟಾಗಿ ಮುಟ್ಟೋದು, ಗುಟ್ಟಾಗಿ ದುಡ್ಡು ಕೇಳೋದು, ಗುಟ್ಟಾಗಿ ಮೆಸೇಜ್ ಮಾಡೋದು, ಇದ್ಯಾವುದಕ್ಕೂ ವಿಧೇಯತೆ ಅಂತ ಹೆಸರಿಲ್ಲ. ನಂಬೋ ದೊಡ್ಡವರಿಗೆ ಹೇಳಿ. 18 ವರ್ಷದೊಳಗಿನವರು 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳಲ್ಲ.

ಹೇಳಿದ್ರೆ ಸಭೆಯ ಹೆಸರು ಕೆಡುತ್ತೆ ಅಂತ ಯಾರಾದ್ರೂ ಬಾಯಿ ಮುಚ್ಚಿಸಿದ್ರೆ ನೆನಪಿಡಿ: ಹೆಸರು ಕೆಡಿಸಿದ್ದು ತಪ್ಪು ಮಾಡಿದವರು. ಹೇಳಿದವರಲ್ಲ.

ಭಾಗ 9/10

ಇಷ್ಟೆಲ್ಲ ಓದಿ "ಇದು ನನ್ನ ಕೈಯಲ್ಲಿ ಆಗಲ್ಲ" ಅನ್ಸುತ್ತಾ? ಅಥವಾ "ಕೃಪೆ ಇದೆಯಲ್ಲ, ಇಷ್ಟೆಲ್ಲ ಯಾಕೆ?" ಅನ್ಸುತ್ತಾ? ಎರಡಕ್ಕೂ ಒಂದೇ ಉತ್ತರ ಇದೆ.

ಹತ್ತು ಆಜ್ಞೆಗಳು ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿವೆ. ಐಗುಪ್ತದಿಂದ ಬಿಡುಗಡೆ ಆಗಿದ್ದು ಅದಕ್ಕಿಂತ ಮುಂಚೆ. ಇವನ್ನ ಪಾಲಿಸಿ, ಆಮೇಲೆ ಬಿಡಿಸ್ತೀನಿ ಅಂತ ದೇವರು ಹೇಳಲಿಲ್ಲ. ಮೊದಲು ಬಿಡಿಸಿದರು, ಸಮುದ್ರ ದಾಟಿಸಿದರು, ಮನ್ನಾ ಕೊಟ್ಟರು, ಆಮೇಲೆ ಹೇಗೆ ಬದುಕಬೇಕು ಅಂತ ಹೇಳಿದರು. ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲೂ ಇದೇ ಕ್ರಮ: ರಕ್ಷಣೆ ಕೃಪೆಯಿಂದ, ಸತ್ಕ್ರಿಯೆ ಅದರ ನಂತರ. ದೇವರ ಪ್ರೀತಿಗೆ ವಿಧೇಯತೆ ಅನ್ನೋದು ಫೀಸ್ ಅಲ್ಲ. ಬಿಡುಗಡೆ ಆದವರು ಬದುಕೋ ರೀತಿ ಅದು.

ಫೀಸ್ ಅಲ್ಲ ಅಂದ ಮಾತ್ರಕ್ಕೆ ಬೆಲೆ ಇಲ್ಲ ಅಂತಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಆಗ ದೀಕ್ಷಾಸ್ನಾನ ತಗೊಂಡವರಲ್ಲಿ ಅನೇಕರಿಗೆ ಮನೆ, ನೆಂಟರು, ಕುಲಕಸುಬು ಎಲ್ಲ ತಪ್ಪಿಹೋಯ್ತು. ಅವರ ಹೊಟ್ಟೆಪಾಡಿಗೂ ಅಂತ ಮಿಷನ್ ನೇಯ್ಗೆ, ಅಚ್ಚುಕೂಟ ನಡೆಸ್ತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡ್ತು. ನಮ್ಮ ಅಜ್ಜಿ ಮನೆಗಳ ಮೇಲಿನ ಮಂಗಳೂರು ಹೆಂಚಿನ ಹಿಂದೆ, ನಂಬಿಕೆಗೋಸ್ಕರ ಇದ್ದಿದ್ದೆಲ್ಲ ಕಳ್ಕೊಂಡು ಮಣ್ಣು ತುಳಿದು ದುಡಿದವರ ಬೆವರೂ ಇದೆ.

ಅವರಿಗೆ ವಿಧೇಯತೆಯ ಬೆಲೆ ಮನೆ ಮಠ. ನಮಗೆ ಐದು ಇಂಟರ್ನಲ್ ಮಾರ್ಕ್ಸ್, ಗ್ರೂಪಿಂದ ಒಂದು ರಿಮೂವ್, ಸ್ವಲ್ಪ ನಗೆಪಾಟಲು. ಇದನ್ನೂ ಕೊಡಲ್ಲ ಅಂದ್ರೆ ಯಾವುದನ್ನ ಕೊಡ್ತೀವಿ?

ಭಾಗ 10/10

ಕೊನೇದು. ಈ ವಾರಕ್ಕೆ ಹೋಮ್‌ವರ್ಕ್, ಯಾರೂ ಚೆಕ್ ಮಾಡಲ್ಲ.

ಯಾಜಕಕಾಂಡ 19 ಪೂರ್ತಿ ಓದಿ. ಬರೀ 37 ವಚನ, ಐದಾರು ನಿಮಿಷ ಸಾಕು. ಯಾವ ವಚನದಲ್ಲಿ ನಿಮ್ಮ ಕಾಲೇಜು, ನಿಮ್ಮ ಮನೆ, ನಿಮ್ಮ ಫೋನ್ ಕಾಣ್ಸುತ್ತೋ ಅದಕ್ಕೆ ಗುರುತು ಹಾಕಿ. ಹತ್ತು ಬೇಡ, ಒಂದೇ ಒಂದು. ಆ ವಚನದಲ್ಲಿ ಇರೋ ಮನುಷ್ಯ ಯಾರು ಅಂತ ಹೆಸರು ಹಿಡಿದು ಯೋಚಿಸಿ. ದುಡ್ಡು ಬಾಕಿ ಇರೋ ಅಣ್ಣನಾ? ಮಾತು ಬಿಟ್ಟ ತಂಗಿಯಾ? ನಾವೆಲ್ಲ ಸೇರಿ ಅಡ್ಡಹೆಸರಿಟ್ಟ ಕ್ಲಾಸ್‌ಮೇಟಾ? ಬೇರೆ ರಾಜ್ಯದಿಂದ ಬಂದು ಕನ್ನಡ ಬರ್ದೆ ಒಂಟಿಯಾಗಿ ಊಟ ಮಾಡೋ ಹುಡುಗನಾ? ಪರದೇಶಿಯನ್ನ ನಿಮ್ಮಂತೆಯೇ ಪ್ರೀತಿಸಿ ಅನ್ನೋದೂ ಇದೇ ಅಧ್ಯಾಯದಲ್ಲಿದೆ, 34ನೇ ವಚನ.

ಆ ಒಬ್ಬರ ವಿಷಯದಲ್ಲಿ ದೇವರ ಮಾತು ಕೇಳಿ. ಅಮ್ಮನ ಕನ್ನಡದಲ್ಲಿ ಕೇಳಿ.

ಎಡವಿದ್ರೆ? ಎದ್ದೇಳಿ. ಮೊದಲನೇ ಮಗ ಕೂಡ ಮೊದಲು ಆಗಲ್ಲ ಅಂದವನೇ. ತೋಟದ ಬಾಗಿಲು ಅವನಿಗೆ ಮುಚ್ಚಿರಲಿಲ್ಲ.

ಸಿನಿಮಾ ನೋಡ್ಬೇಕಾ ಬೇಡ್ವಾ, ಟ್ಯಾಟೂ ಸರಿಯಾ ತಪ್ಪಾ ಅಂತ ಕಾಮೆಂಟಲ್ಲಿ ಜಗಳ ಆಡೋರು ಆಡಿ, ನಾನೂ ಬರ್ತೀನಿ. ಅದಕ್ಕೂ ಮುಂಚೆ ಜೆರಾಕ್ಸ್ ಅಂಗಡಿ ಅಣ್ಣನ ಬಾಕಿ ಕೊಟ್ಟು ಬರೋಣ.

ಇದನ್ನ ನಿಮ್ಮ ಯೂತ್ ಗ್ರೂಪಿಗೆ ಕಳಿಸಿ. ಒಪ್ಪದಿದ್ರೆ ಯಾಕೆ ಒಪ್ಪಲ್ಲ ಅಂತ ಬರೀರಿ, ಬೈಯಬೇಡಿ. ಕರ್ತನು ನಿಮ್ಮ ಸೋಮವಾರವನ್ನ ಆಶೀರ್ವದಿಸಲಿ. 🙏🏽

#ಪರಿಶುದ್ಧಜೀವನ #ಮಾತುಕೇಳೋಣ #ಯಾಜಕಕಾಂಡ19 #ಸೋಮವಾರದವಿಶ್ವಾಸ #ಕನ್ನಡಕ್ರೈಸ್ತಯುವಕರು